ದೋಣಿಯ ಮೇಲಿನ ಹಳೆಯ ಹೆಸರು

ಸಂಜೀವಪ್ಪನಿಗೆ ನೀರೆಂದರೆ ಭಯ. ಅದನ್ನು ಅವನು ಒಪ್ಪಿಕೊಳ್ಳುತ್ತಿರಲಿಲ್ಲ, ಅದು ಬೇರೆ ಮಾತು. ದೇವನಹಳ್ಳಿ ಹತ್ತಿರದ ಕುಂದಾಣದ ಕಡೆಯ ಆ ಊರಿನಲ್ಲಿ ನೀರಿಗೆ ಹೆದರದವರಾದರೂ ಯಾರಿದ್ದರು? ಕೆರೆ ಬತ್ತಿ ಒಂದು ತಲೆಮಾರೇ ಕಳೆದಿತ್ತು. ಕೆರೆಯಂಗಳದಲ್ಲಿ ಜಾಲಿ ಬೆಳೆದು, ಜಾಲಿ ಕಡಿದ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡಿ, ಹಾಳು ಬಾವಿಗಳಿಗೆ ಕಸ ತುಂಬಿ, ಈಜು ಅನ್ನುವುದು ಟಿವಿಯಲ್ಲಿ ನೋಡುವ ಆಟವಾಗಿ ಹೋಗಿತ್ತು. ಆಮೇಲೆ ಬೆಂಗಳೂರಿನ ಕೊಳಚೆ ನೀರನ್ನು ತೊಳೆದು ಸೋಸಿ ದೊಡ್ಡ ಪೈಪಿನಲ್ಲಿ ತಂದು ಬಿಟ್ಟರು. ಅದಕ್ಕೆ ಸರಿಯಾಗಿ ಮಳೆಯೂ ಹೊಡೆದು ಕೆರೆ ತುಂಬಿ ಕೋಡಿ ಬಿತ್ತು. ಊರವರು ಏರಿಯ ಮೇಲೆ ಸಾಲಾಗಿ ನಿಂತು, ಹೇಳದೆ ಕೇಳದೆ ಬಂದ ನೆಂಟರನ್ನು ನೋಡುವ ಹಾಗೆ ಆ ನೀರನ್ನು ನೋಡಿದರು. ಯಾರೂ ಇಳಿಯಲಿಲ್ಲ.

ಇಳಿಯುವ ಯೋಚನೆ ಮಾಡಿದವನು ಸಂಜೀವಪ್ಪನ ಅಳಿಯ ಅಮರ್ ಒಬ್ಬನೇ. ಏರ್‌ಪೋರ್ಟಿನ ಕಡೆ ಗಾಡಿ ಓಡಿಸಿಕೊಂಡಿದ್ದವನು, ಭಾನುವಾರ ಭಾನುವಾರ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಕೆರೆ ಮುಂದೆ ಫೋಟೋ ತೆಗೆದುಕೊಳ್ಳುವವರನ್ನು ಕಂಡ. ಪಂಚಾಯ್ತಿಯವರ ಕೈಕಾಲು ಹಿಡಿದು ಬೋಟಿಂಗ್ ನಡೆಸಲು ಒಪ್ಪಿಗೆ ಪಡೆದ. ಎಲ್ಲೋ ದೂರದ ಜಲಾಶಯದಲ್ಲಿ ಓಡಾಡಿ ಮೂಲೆ ಸೇರಿದ್ದ ಒಂದು ಫೈಬರ್ ದೋಣಿಯನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದೇಬಿಟ್ಟ. ಅವನಿಗೂ ಈಜು ಬರುತ್ತಿರಲಿಲ್ಲ. ಹುಟ್ಟು ಹಾಕುವುದನ್ನು ಮಾತ್ರ ದೋಣಿ ಮಾರಿದವರ ಹತ್ತಿರ ಒಂದು ವಾರ ಇದ್ದು ಕಲಿತುಕೊಂಡು ಬಂದಿದ್ದ.

ದೋಣಿಯ ಬಣ್ಣ ಒಂದು ಕಾಲದಲ್ಲಿ ಗಾಢ ನೀಲಿ. ಬಿಸಿಲಿಗೆ ಬೆಳ್ಳಗಾಗಿ, ತೊಳೆದು ತೊಳೆದು ಸವೆದ ಸ್ಕೂಲ್ ಯೂನಿಫಾರ್ಮಿನ ಹಾಗಾಗಿತ್ತು. ಮೂತಿಯ ಪಕ್ಕದಲ್ಲಿ ‘ಪ್ರಮೋದಾ’ ಎಂದು ದೊಡ್ಡ ರೇಡಿಯಂ ಅಕ್ಷರಗಳು. ಅಮರ್ ಸ್ಟಿಕ್ಕರ್ ಕಿತ್ತ, ಸೀಮೆಎಣ್ಣೆ ಹಚ್ಚಿ ಅಂಟು ತೆಗೆದ. ಆದರೆ ಹೆಸರು ಹೋಗಲಿಲ್ಲ. ಅಕ್ಷರಗಳ ಅಡಿಯಲ್ಲಿ ಬಿಸಿಲು ಬೀಳದೆ ಉಳಿದಿದ್ದ ಹಳೆಯ ನೀಲಿ ಸುತ್ತಲಿನ ಬಿಳಿಚಿದ ಬಣ್ಣದ ನಡುವೆ ಮೊದಲಿಗಿಂತ ಚೆನ್ನಾಗಿಯೇ ಓದಿಸಿಕೊಳ್ಳುತ್ತಿತ್ತು.

“ಬಿಡು, ಅದರ ಮೇಲೇ ಹೊಸ ಹೆಸ್ರು ಬರ್ಸಿದ್ರಾಯ್ತು” ಅಂದ ಅಮರ್. ಅವನ ತಾಯಿ ಮುತ್ಯಾಲಮ್ಮ ಬಿಡಬೇಕಲ್ಲ! ಗಂಡನನ್ನು ಕಳೆದುಕೊಂಡು, ಇದ್ದ ಒಬ್ಬ ಮಗನನ್ನು ಕೂಲಿನಾಲಿ ಮಾಡಿ ಸಾಕಿದ ಹೆಂಗಸು. ಮಾತಿನಲ್ಲಿ ಆಕೆಯನ್ನು ಗೆದ್ದವರಿಲ್ಲ.

“ಬೇರೆಯವ್ರ ಹೆಸ್ರು ಹೊಡ್ಸಿರೋ ತಟ್ಟೇಲಿ ನಮ್ಮನೆ ದೇವ್ರಿಗೆ ಎಡೆ ಇಡ್ತೀವಾ ಸಂಜೀವಣ್ಣ? ನೀವೇ ಹೇಳಿ. ಆ ಪ್ರಮೋದಾ ಯಾರೋ ಏನೋ, ಸತ್ತವ್ಳೋ ಬದುಕಿದವ್ಳೋ. ಅವಳ ಹೆಸರಿನ ದೋಣೀಲಿ ಕೂತು ನನ್ನ ಸೊಸೆ ಗಂಗಮ್ಮಂಗೆ ಬಾಗಿನ ಬಿಟ್ರೆ, ಪುಣ್ಯ ಯಾರ ಮನೆಗೆ ಹೋಗುತ್ತೆ?”

ವಿಷಯ ಇದು. ಕೆರೆ ತುಂಬಿದ್ದಕ್ಕೆ ಭಾನುವಾರ ಗಂಗಮ್ಮನ ಪೂಜೆ. ಹಿಂದೆಲ್ಲ ಏರಿಯ ಮೇಲೆ ನಿಂತೇ ಬಾಗಿನ ಬಿಡುತ್ತಿದ್ದರಂತೆ. ಈ ಸಲ ದೋಣಿ ಇದೆಯಲ್ಲ, ಐದು ಜನ ಮುತ್ತೈದೆಯರು ನಡುಗೆರೆಗೆ ಹೋಗಿ ಬಿಡಲಿ ಎಂದು ಪಂಚಾಯ್ತಿ ಅಧ್ಯಕ್ಷರು ತೀರ್ಮಾನಿಸಿದ್ದರು. ಐವರಲ್ಲಿ ಮೊದಲನೆಯವಳು ದೋಣಿ ಮನೆಯ ಸೊಸೆ, ಸಂಜೀವಪ್ಪನ ಒಬ್ಬಳೇ ಮಗಳು ಶಿಲ್ಪ.

“ಅಷ್ಟೇನಾ? ನಾನು ತೆಗೀತೀನಿ ಬಿಡಿ ತಾಯಿ” ಅಂದ ಸಂಜೀವಪ್ಪ.

ಅವನು ಕಲ್ಲು ಪಾಲಿಷ್ ಮಾಡುವವನು. ಅಡುಗೆಮನೆಯ ಗ್ರಾನೈಟ್ ಕಟ್ಟೆ, ದೇವಸ್ಥಾನದ ನೆಲ, ಮೆಟ್ಟಿಲು, ಯಾವುದಾದರೂ ಸರಿ, ಮೆಷಿನ್ ಹಿಡಿದು ಕೂತರೆ ಕಲ್ಲಿನಲ್ಲಿ ಮುಖ ಕಾಣಿಸಿಬಿಡುತ್ತಿದ್ದ. ಕೈಯ ಬಗ್ಗೆ ಅವನಿಗಿದ್ದ ಗರ್ವ ಅಷ್ಟಿಷ್ಟಲ್ಲ. ಹೆಂಡತಿ ಸತ್ತ ಮೇಲೆ ಮಗಳ ಮದುವೆಯನ್ನು ಕೈಲಾದಷ್ಟರಲ್ಲೇ ಮಾಡಿದ್ದವನಿಗೆ, ಬೀಗರ ಮನೆಯಲ್ಲಿ ಒಂದು ಕೆಲಸ ಮಾಡಿ ಸೈ ಅನ್ನಿಸಿಕೊಳ್ಳುವ ಆಸೆ ಬಹಳ ದಿನದಿಂದ ಇತ್ತು.

“ಮಾವ, ಫೋನಲ್ಲಿ ನೋಡ್ದೆ. ಪಾಲಿಷ್ ಪೇಸ್ಟ್ ಹಾಕಿ ಬಟ್ಟೇಲಿ ಮೆಲ್ಲಗೆ ಉಜ್ಜಬೇಕಂತೆ. ಜಾಸ್ತಿ ತಿಕ್ಕಬಾರ್ದಂತೆ” ಅಂದ ಅಮರ್.

“ಅಳಿಯಂದ್ರೆ, ನಿಮ್ಮ ಫೋನು ಹುಟ್ಟೋಕೆ ಮುಂಚೆಯಿಂದ ನಾನು ಉಜ್ತಾ ಇದ್ದೀನಿ.”

ಎಲ್ಲರೂ ನಕ್ಕರು. ಮುತ್ಯಾಲಮ್ಮನೂ ನಕ್ಕಳು. ಆ ನಗುವೇ ಅವನಿಗೆ ಮುಳುವಾಯಿತು.

ದೋಣಿಯನ್ನು ಅಮರನ ಮನೆಯ ಹಿತ್ತಲಲ್ಲಿ ಎರಡು ಕಲ್ಲುಕಂಬಗಳ ಮೇಲೆ ಬೋರಲು ಹಾಕಿದ್ದರು. ಸಂಜೀವಪ್ಪ ಮೊದಲು ಉಜ್ಜುವ ಮೆಷಿನ್ನಿಗೆ ನಯವಾದ ಎಮರಿ ಕಾಗದವನ್ನೇ ಹಾಕಿದ. ನೀರು ಬಿಟ್ಟುಕೊಂಡು ಉಜ್ಜಿದ. ಒದ್ದೆಯಲ್ಲಿ ನೋಡಿದರೆ ಎಲ್ಲ ಒಂದೇ ನೀಲಿ, ಹೆಸರಿನ ಸುಳಿವೇ ಇಲ್ಲ. ಇಷ್ಟೇನಾ ಅಂದುಕೊಂಡು ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ನೀರು ಆರಿ, ‘ಪ್ರಮೋದಾ’ ಮೆಲ್ಲಗೆ ಮತ್ತೆ ಮೂಡಿ ಬಂತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವುದು ಇದಕ್ಕೇ ಇರಬೇಕು. ಅವನು ಮತ್ತೆ ನೀರು ಹಾಕಿದ, ಹೆಸರು ಮಾಯವಾಯಿತು. ಆರಿದ ಮೇಲೆ ಮತ್ತೆ ಬಂತು. ಸತ್ತವ್ಳೋ ಬದುಕಿದವ್ಳೋ ಅಂದಿದ್ದಳಲ್ಲ ಮುತ್ಯಾಲಮ್ಮ, ಆ ಮಾತು ಕಿವಿಯಲ್ಲೇ ಕೂತುಬಿಟ್ಟಿತು.

ಕಲ್ಲಿನಲ್ಲಿ ಕಲೆ ಹೋಗದಿದ್ದರೆ ಏನು ಮಾಡುತ್ತಾರೆ? ಒರಟು ಎಮರಿ ಹಾಕಿ ಇನ್ನೂ ಆಳಕ್ಕೆ ಇಳಿಯುತ್ತಾರೆ. ಕಲ್ಲು ಎಷ್ಟು ಆಳಕ್ಕೆ ಹೋದರೂ ಕಲ್ಲೇ, ಮೇಲೆ ಒಂದು ಒಳಗೆ ಒಂದು ಅನ್ನುವ ಬುದ್ಧಿ ಅದಕ್ಕಿಲ್ಲ. ಸಂಜೀವಪ್ಪ ಜೀವಮಾನವಿಡೀ ನಂಬಿದ್ದು ಇದನ್ನೇ. ಅವನು ಕಲ್ಲಿಗೆ ಹಾಕುವ ಒರಟು ಬಿಲ್ಲೆಯನ್ನು ಮೆಷಿನ್ನಿಗೆ ತೊಡಿಸಿ, ಒಂದೊಂದೇ ಅಕ್ಷರದ ಮೇಲೆ ಭುಜದ ಭಾರ ಹಾಕಿ ಒತ್ತಿದ. ನೀಲಿ ಹೋಯಿತು. ಕೆಳಗಿಂದ ಬಿಳಿ ಪುಡಿ ಎದ್ದಿತು. ಬಿಳಿಯ ಕೆಳಗೆ ಗೋಣಿತಾಟಿನ ನಾರಿನಂಥದ್ದು ಕಂಡಿತು. ಆ ಪುಡಿ ಕೈಗೆಲ್ಲ ಮೆತ್ತಿಕೊಂಡು ತುರಿಕೆ ಹತ್ತಿ, ಉರಿ ತಡೆಯಲಾರದೆ ಅವನು ಮೆಷಿನ್ ಆರಿಸಿದ. ಹೆಸರು ಹೋಗಿದೆಯಲ್ಲ, ಸಾಕು ಅಂದುಕೊಂಡ.

ಒಳಗಿನಿಂದ ಒಮ್ಮೆ ನೋಡೋಣವೆಂದು ದೋಣಿಯ ಅಡಿಗೆ ನುಸುಳಿದವನು ಅಲ್ಲೇ ಕಲ್ಲಾದ.

ಒಳಗೆ ಕತ್ತಲು. ದೋಣಿಯ ಒಳಮೈಗೆ ಬಣ್ಣವಿರಲಿಲ್ಲ. ಹೊರಗೆ ಸಂಜೆಯ ಬಿಸಿಲು ಆ ಬದಿಗೇ ನೇರ ಹೊಡೆಯುತ್ತಿತ್ತು. ಆ ಕತ್ತಲಲ್ಲಿ ‘ಪ್ರಮೋದಾ’ ಉರಿಯುತ್ತಿತ್ತು. ಮೆಷಿನ್ ಒತ್ತಿದ ಜಾಗವೆಲ್ಲ ಎಷ್ಟು ತೆಳುವಾಗಿತ್ತೆಂದರೆ ಬಿಸಿಲು ಅದರೊಳಗಿಂದಲೇ ತೂರಿ ಬರುತ್ತಿತ್ತು. ತಲೆಕೆಳಗಾಗಿ, ಹಿಂದುಮುಂದಾಗಿ, ಹಳದಿ ಬೆಳಕಿನಲ್ಲಿ ಒಂದೊಂದು ಅಕ್ಷರವೂ ಅವನನ್ನೇ ನೋಡುತ್ತಿತ್ತು. ಹೆಬ್ಬೆರಳಿನಿಂದ ‘ಮೋ’ ಅಕ್ಷರವನ್ನು ಒತ್ತಿದ. ಅದು ಒಳಗೆ ಬಗ್ಗಿತು.

ಹೆಸರನ್ನು ಅಳಿಸಲು ಹೋಗಿ, ಹೆಸರಿನ ಆಕಾರಕ್ಕೇ ದೋಣಿಯನ್ನು ತೂತು ಮಾಡಲು ಕೂದಲೆಳೆಯಷ್ಟು ಬಾಕಿ ಉಳಿಸಿದ್ದ.

ಆಗಲೇ ಹೋಗಿ ಹೇಳಬಹುದಿತ್ತು. ಅಮರ್ ಒಳ್ಳೆಯ ಹುಡುಗ, ಬಯ್ಯುವವನೂ ಅಲ್ಲ. ಆದರೆ ಮುತ್ಯಾಲಮ್ಮ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದು, “ಮುಗೀತಾ ಸಂಜೀವಣ್ಣ? ನಿಮ್ಮ ಕೈಗೆ ಬಂದ ಮೇಲೆ ಹೋಗ್ದೆ ಇರುತ್ತಾ!” ಅಂದಳು. “ಮುಗೀತಮ್ಮ, ಸ್ವಲ್ಪ ಲಪ್ಪ ಮೆತ್ತಿ ನುಣ್ಣಗೆ ಮಾಡಿ ಬಣ್ಣ ಹೊಡೆದ್ರೆ ಆಯ್ತು” ಅಂದುಬಿಟ್ಟ. ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ಅವನಿಗೆ ಆ ಹೊತ್ತಿನಲ್ಲಿ ಮಾನವೇ ದೊಡ್ಡದಾಗಿ ಕಂಡಿತು.

ಮರುದಿನ, ಕಲ್ಲಿನ ಚಪ್ಪಡಿ ಬಿರುಕು ಬಿಟ್ಟರೆ ಹೇಗೆ ಮುಚ್ಚುತ್ತಾನೋ ಹಾಗೇ ಮುಚ್ಚಿದ. ಅಂಟಿಗೆ ಕಲ್ಲುಪುಡಿ ಕಲಸಿ, ಅಕ್ಷರಗಳ ಹಳ್ಳಕ್ಕೆ ತುಂಬಿ, ಒಣಗಿಸಿ, ಉಜ್ಜಿ, ಮೇಲೆ ನೀಲಿ ಬಣ್ಣ ಹೊಡೆದ. ದೇವನಹಳ್ಳಿಯಿಂದ ಪೇಂಟರ್ ವಸಂತ್ ಬಂದು ಅದರ ಮೇಲೆ ‘ಗಂಗಮ್ಮ’ ಎಂದು ಬಿಳಿಯಲ್ಲಿ ಬರೆದು, ಎರಡು ಕಮಲವನ್ನೂ ಬಿಡಿಸಿಹೋದ. ನೋಡಿದವರೆಲ್ಲ ಭಲೇ ಅಂದರು. ಸಂಜೀವಪ್ಪ ಬೆರಳಿನಿಂದ ತಟ್ಟಿ ನೋಡಿದ, ಗಟ್ಟಿಯಾಗಿತ್ತು. ಕಲ್ಲಿನಷ್ಟೇ ಗಟ್ಟಿ. ಆದರೆ ದೋಣಿ ಕಲ್ಲಲ್ಲವಲ್ಲ. ಅದನ್ನು ನಾಲ್ಕು ಜನ ಎತ್ತಿ ಟ್ರ್ಯಾಕ್ಟರಿಗೆ ಹಾಕುವಾಗ ಅದರ ಮೈ ಬಿದಿರುಬುಟ್ಟಿಯಂತೆ ಬಳುಕಿದ್ದನ್ನು ಅವನು ಕಣ್ಣಾರೆ ಕಂಡ. ಬಳುಕುವ ಮೈಗೆ ಬಳುಕದ ತೇಪೆ!

ಶುಕ್ರವಾರ, ಶನಿವಾರ ಅವನಿಗೆ ಅನ್ನ ಇಳಿಯಲಿಲ್ಲ. ಕಣ್ಣು ಮುಚ್ಚಿದರೆ ಶಿಲ್ಪ ನೀರಿಗೆ ಬೀಳುತ್ತಿದ್ದಳು. ಒಂದು ಸಲ ಸೀರೆಯ ಸೆರಗು ಮಾತ್ರ ನೀರಿನ ಮೇಲೆ ಉಳಿಯಿತು, ಇನ್ನೊಂದು ಸಲ ಬಳೆಯ ಕೈ. ಕಣ್ಣು ತೆರೆದರೂ ಅದೇ. ಕೆರೆ ಏರಿಗೆ ಹೋಗಿ ಸುಮ್ಮನೆ ನಿಂತು ಬಂದ. ಸೋಸಿದ ನೀರೆಂದು ಹೇಳುತ್ತಾರೆ, ಆದರೆ ತಳ ಕಾಣುವ ನೀರಲ್ಲ. ಹಸಿರು ಮಿಶ್ರಿತ ಕಪ್ಪು. ಎಲ್ಲಿ ಮೊಣಕಾಲುದ್ದ, ಎಲ್ಲಿ ಎರಡಾಳು ಎಂದು ಹೇಳಬಲ್ಲವರು ಊರಲ್ಲಿ ಒಬ್ಬರೂ ಇರಲಿಲ್ಲ. ಮಣ್ಣು ಕದ್ದು ಸಾಗಿಸಿದವರು ತೋಡಿದ ಗುಂಡಿಗಳು ಅದರಡಿಯಲ್ಲಿ ಎಲ್ಲೆಲ್ಲಿವೆಯೋ ಆ ಕಳ್ಳರಿಗೇ ಗೊತ್ತು.

ಶನಿವಾರ ಸಂಜೆ ಧೈರ್ಯ ಮಾಡಿ ಅಮರನ ಹತ್ತಿರ ಹೋದ. ಅಮರ್ ಹುಟ್ಟುಗಳಿಗೆ ಬಣ್ಣ ಹಚ್ಚುತ್ತಿದ್ದ.

“ಅಳಿಯಂದ್ರೆ, ಒಂದು ಮಾತು…”

“ಮಾವ, ನೀವು ಬಂದಿದ್ದು ಒಳ್ಳೇದಾಯ್ತು. ಅಧ್ಯಕ್ಷರು ಬಂದು ದೋಣಿ ನೋಡ್ಕೊಂಡು ಹೋದ್ರು. ಯಾರು ಮಾಡಿದ್ದು ಈ ಕೆಲಸ ಅಂತ ಕೇಳಿದ್ರು. ನಮ್ಮ ಮಾವ ಅಂದೆ. ನಾಳೆ ನಿಮಗೆ ಶಾಲು ಹಾಕಿಸ್ತಾರಂತೆ.”

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಉಗುಳಲೂ ಆಗದು, ನುಂಗಲೂ ಆಗದು. “ಏನೋ ಹೇಳ್ತಿದ್ರಿ?” ಅಂದ ಅಮರ್. “ಏನಿಲ್ಲ, ಆ ಜಾಕೆಟ್‌ಗಳನ್ನ ಎಲ್ರಿಗೂ ಹಾಕ್ಸಿ” ಅಂದು ಸಂಜೀವಪ್ಪ ಎದ್ದು ಬಂದ. ದೋಣಿಯ ಜೊತೆ ತೇಲುವ ಜಾಕೆಟ್‌ಗಳೂ ಬಂದಿದ್ದವು ನಿಜ. ಆದರೆ ರೇಷ್ಮೆ ಸೀರೆಯ ಮೇಲೆ ಆ ಕಿತ್ತಳೆ ಬಣ್ಣದ ಚೀಲ ಹಾಕಿಕೊಂಡು ಫೋಟೋಗೆ ನಿಲ್ಲಲು ಯಾವ ಮುತ್ತೈದೆ ಒಪ್ಪಿಯಾಳು? ಭಾನುವಾರ ಬೆಳಿಗ್ಗೆ ಅವು ಟ್ರ್ಯಾಕ್ಟರಿನಲ್ಲೇ ಉಳಿದವು.

ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ಪೂಜೆಯಾಯಿತು, ಕುಂಬಳಕಾಯಿ ಒಡೆಯಿತು. ದೋಣಿ ನೀರಿಗಿಳಿಯಿತು. ಶಿಲ್ಪ ಮೊರದ ಬಾಗಿನ ಎದೆಗವಚಿಕೊಂಡು ಕಾಲಿಡಲು ಹೋದಳು.

“ತಡಿ!” ಸಂಜೀವಪ್ಪ ಅಡ್ಡ ಬಂದ. “ಹೆಂಗಸ್ರು ಮೊದ್ಲು ಹತ್ಬಾರ್ದು. ಮೊದ್ಲು ಗಂಡಸರು ಒಂದು ಸುತ್ತು ಹೋಗ್ಬರ್ಬೇಕು. ಅದು ಪದ್ಧತಿ.”

“ಯಾವ ಪದ್ಧತಿ ಸಂಜೀವಣ್ಣ? ಈ ಊರಲ್ಲಿ ದೋಣಿ ಇತ್ತಾ ಯಾವತ್ತಾದ್ರೂ?” ಮುತ್ಯಾಲಮ್ಮ ಕೇಳಿದಳು. ಜನ ಗೊಳ್ಳೆಂದರು.

“ಇದೆ ತಾಯಿ, ನಮ್ಮ ಹಿರೀಕರು ಹೇಳೋರು” ಎಂದು ಬಾಯಿಗೆ ಬಂದದ್ದನ್ನು ಹೇಳಿ, ಯಾರೂ ತಡೆಯುವ ಮೊದಲೇ ದೋಣಿಯೊಳಗೆ ಕಾಲಿಟ್ಟ. ಕಾಲಡಿಯಲ್ಲಿ ಎಲ್ಲ ತೂಗಾಡಿತು. ಮೂತಿಯ ಹತ್ತಿರ, ತೇಪೆಯ ಪಕ್ಕದಲ್ಲೇ ಕುಕ್ಕರಿಸಿ, ಅಂಗೈಯನ್ನು ಒಳಮೈಗೆ ಒತ್ತಿ ಹಿಡಿದ. “ನಡೀರಿ ಅಳಿಯಂದ್ರೆ” ಅಂದ. ಅಮರ್ ನಗುತ್ತಾ ಹತ್ತಿ ಹುಟ್ಟು ಹಾಕಿದ.

ದಡ ಹಿಂದೆ ಸರಿಯಿತು. ಸಂಜೀವಪ್ಪ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ. ಮುಳುಗಿದರೆ ನಾನು ಮುಳುಗುತ್ತೇನೆ, ಮಗಳು ಉಳಿಯುತ್ತಾಳೆ ಎಂದುಕೊಂಡ. ಹಾಗೆಂದುಕೊಂಡದ್ದೇ ಅವನಿಗೆ ತನ್ನ ಮೇಲೆ ಒಂದು ಬಗೆಯ ಗೌರವ ಬಂತು. ಅಂಗೈ ಒಣಗಿಯೇ ಇತ್ತು. ಕಣ್ಣು ಬಿಟ್ಟು ಬಗ್ಗಿ ನೋಡಿದ. ‘ಗಂಗಮ್ಮ’ ಅನ್ನುವ ಅಕ್ಷರಗಳು ನೀರಿನಿಂದ ಎಷ್ಟೋ ಮೇಲಿದ್ದವು, ಒಂದು ಹನಿಯೂ ತಾಗುತ್ತಿರಲಿಲ್ಲ. ಅಯ್ಯೋ ದೇವರೇ, ಇಷ್ಟಕ್ಕಾ ಎರಡು ದಿನ ಅನ್ನ ಬಿಟ್ಟೆ ಅನ್ನಿಸಿ ನಗು ಬಂತು. ಏರಿಯ ಮೇಲಿನವರಿಗೆ ಕೈಯನ್ನೂ ಬೀಸಿದ. ವಾಪಸು ದಡಕ್ಕೆ ಬಂದಾಗ ಅವನ ಮುಖ ನೋಡಿ ಶಿಲ್ಪ, “ಏನಪ್ಪ, ಮದುವೆ ಗಂಡಿನ ಥರ ಬರ್ತಿದ್ದೀಯ” ಎಂದು ರೇಗಿಸಿದಳು.

ಆಮೇಲೆ ಹೆಂಗಸರು ಹತ್ತಿದರು.

ಶಿಲ್ಪ ಹತ್ತಿದಳು, ದೋಣಿ ಸ್ವಲ್ಪ ಇಳಿಯಿತು. ಅಧ್ಯಕ್ಷರ ಹೆಂಡತಿ ಹತ್ತಿದಳು, ಇನ್ನೂ ಇಳಿಯಿತು. ಮತ್ತೆ ಮೂವರು ಹತ್ತಿದರು, ಒಬ್ಬೊಬ್ಬರ ಕೈಯಲ್ಲೂ ತೆಂಗಿನಕಾಯಿ, ಅಕ್ಕಿಬೇಳೆ ತುಂಬಿದ ಜೋಡಿ ಮೊರ. ಅಮರ್ ಹುಟ್ಟು ಹಿಡಿದು ಕೂತ. ದಡದಲ್ಲಿ ನಿಂತಿದ್ದ ಸಂಜೀವಪ್ಪ ನೋಡುತ್ತಿದ್ದಂತೆಯೇ, ಬಿಳಿಯ ‘ಗಂಗಮ್ಮ’ದ ಕಾಲು ಭಾಗ ನೀರಿಗಿಳಿಯಿತು, ಆಮೇಲೆ ಅರ್ಧ. ಇಬ್ಬರು ಕೂತಾಗ ನೀರೇ ಮುಟ್ಟದ ಜಾಗ ಈಗ ನೀರಿನೊಳಗಿತ್ತು. ತಾನು ಹೋಗಿ ಬಂದ ಸುತ್ತು ಯಾವ ಪರೀಕ್ಷೆಯೂ ಆಗಿರಲಿಲ್ಲ. ಬಣ್ಣದ ಮೇಲೆ, ಹಳೆಯ ‘ಮೋ’ ಇದ್ದ ಕಡೆ, ಒಂದು ಗೆರೆ ಬಿದ್ದಿತ್ತು. ಕೂದಲಿನಂಥ ಗೆರೆ.

ದೋಣಿ ದಡ ಬಿಟ್ಟು ಎರಡು ಮಾರು ಹೋಗಿತ್ತು. ಮೂರು ಮಾರು. ಇನ್ನೊಂದು ಪದ್ಧತಿಯ ಕಥೆ ಹೇಳಲು ಅವನ ಹತ್ತಿರ ಏನೂ ಉಳಿದಿರಲಿಲ್ಲ. ವಾದ್ಯದವರು ಡೋಲು ಶುರು ಮಾಡಿದರು.

“ನಿಲ್ಸೀ!” ಎಂದು ಸಂಜೀವಪ್ಪ ಕಿರುಚಿದ. “ಅಮರ್, ತಿರುಗಿಸು! ದೋಣಿ ತೂತಾಗಿದೆ! ನಾನೇ ಹಾಳ್ ಮಾಡ್ದೆ ಕಣೋ, ನಾನೇ! ಆ ಹೆಸರು ಉಜ್ಜಿ ಉಜ್ಜಿ ತೂತು ಮಾಡ್ಬಿಟ್ಟೆ!”

ಡೋಲು ನಿಂತಿತು. ಅಮರನಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದು ಅಧ್ಯಕ್ಷರ ಹೆಂಡತಿಗೆ, ಆಕೆಯ ಪಾದ ತಣ್ಣಗಾಗಿತ್ತು. “ಅಯ್ಯೋ ನೀರೂ!” ಎಂದು ಆಕೆ ಎದ್ದು ನಿಂತಳು. ದೋಣಿ ಒಂದು ಬದಿಗೆ ವಾಲಿ, ಇನ್ನಿಬ್ಬರು ಚೀರಿಕೊಂಡು ಏಳಲು ಹೋದರು.

“ಕೂತ್ಕೊಳ್ರೀ! ಎಲ್ರೂ ಕೂತ್ಕೊಳ್ಳಿ!” ಶಿಲ್ಪ ಆಕೆಯ ಸೆರಗು ಹಿಡಿದು ಕೆಳಗೆ ಎಳೆದಳು. ಕೈಯಲ್ಲಿದ್ದ ಬಾಗಿನ ಬಿದ್ದು, ಮೊರ ಬಿಚ್ಚಿಕೊಂಡು ಬಳೆಗಳೆಲ್ಲ ದೋಣಿಯ ನೀರಿನಲ್ಲಿ ಚೆಲ್ಲಾಡಿದವು. ತೇಪೆ ಒಂದೇ ಸಲಕ್ಕೆ ಬಿಲ್ಲೆ ಬಿಲ್ಲೆಯಾಗಿ ಕಳಚಿಕೊಂಡು, ಅದರ ಹಿಂದಿನ ತೆಳುಪದರವೂ ಹರಿದು, ನೀರು ನಲ್ಲಿಯಿಂದ ಬರುವ ಹಾಗೆ ಒಳಗೆ ನುಗ್ಗಿತು. ಅಮರ್ ಹುಟ್ಟು ಎಳೆದ. ಅವನ ಕುತ್ತಿಗೆಯ ನರ ಉಬ್ಬಿದ್ದು ದಡಕ್ಕೂ ಕಾಣುತ್ತಿತ್ತು. ದೋಣಿ ಭಾರವಾಗಿ ಅರ್ಧದಾರಿಯಲ್ಲೇ ನಿಂತಾಗ ಅವನು ನೀರಿಗೆ ಧುಮುಕಿಬಿಟ್ಟ. ಕಾಲಿಗೆ ನೆಲ ಸಿಗಲಿಲ್ಲ. ಒಮ್ಮೆ ತಲೆ ಪೂರಾ ಮುಳುಗಿತು. ಮುತ್ಯಾಲಮ್ಮ ಕೂಗಿದ ಕೂಗು ಮನುಷ್ಯರ ಕೂಗಿನಂತಿರಲಿಲ್ಲ. ಅಮರ್ ದೋಣಿಯ ಅಂಚು ಹಿಡಿದು ಮೇಲೆ ಬಂದು, ಕೆಮ್ಮುತ್ತಾ ಕಾಲು ಬಡಿಯುತ್ತಾ ತಳ್ಳಿದ. ಸಂಜೀವಪ್ಪ ಎದೆಮಟ್ಟದ ನೀರಿಗೆ ಇಳಿದು ಕೈ ಚಾಚಿದ. ಅವನ ಹಿಂದೆ ಗಂಡಸರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಾಗಿ ನಿಂತು ಎಳೆದುಕೊಂಡರು.

ಎಲ್ಲರೂ ಬದುಕಿದರು. ಒದ್ದೆ ರೇಷ್ಮೆಯಲ್ಲಿ ನಡುಗುತ್ತಾ ಹೆಂಗಸರು ಏರಿ ಹತ್ತಿದರು. ಸಂಜೀವಪ್ಪನಿಗೆ ಅಳು ತಡೆಯಲಾಗಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತೇ ಬಿಕ್ಕುತ್ತಾ ಎಲ್ಲ ಹೇಳಿದ, ಮೆಷಿನ್ ಹಾಕಿದ್ದು, ಒಳಗೆ ನುಸುಳಿ ನೋಡಿದ್ದು, ಕಲ್ಲುಪುಡಿ ತುಂಬಿದ್ದು. ಜನ ಬಯ್ಯುತ್ತಿದ್ದರು. ಬಯ್ಯಲಿ, ಮಗಳು ಉಳಿದಳಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು.

ಶಿಲ್ಪ ದಡದಲ್ಲಿ, ಕೆಮ್ಮುತ್ತಾ ಬಗ್ಗಿದ್ದ ಗಂಡನ ಬೆನ್ನು ನೀವುತ್ತಿದ್ದಳು. ಅವಳು ತಲೆಯೆತ್ತಿದಳು.

“ಅಪ್ಪ, ನಿಂಗೆ ಯಾವತ್ತು ಗೊತ್ತಾಯ್ತು ಇದು?”

“ಗುರುವಾರನೇ ಕಣಮ್ಮ. ಹೇಳಕ್ಕೆ ಬಾಯೇ ಬರ್ಲಿಲ್ಲ. ಅದಕ್ಕೇ ನೋಡು, ನೀನು ಹತ್ತೋಕೆ ಮುಂಚೆ ನಾನೇ ಹೋಗಿ ಕೂತೆ. ಮುಳುಗಿದ್ರೆ ನಾನು ಮುಳುಗ್ಲಿ ಅಂತ.”

“ನೀನು ಗೊತ್ತಿದ್ದು ಕೂತೆ.” ಅವಳ ದನಿ ಏರಲಿಲ್ಲ. “ಇವ್ರು? ಇವ್ರನ್ನ ಯಾಕೆ ಕೂರಿಸ್ಕೊಂಡು ಹೋದೆ? ನಡೀರಿ ಅಳಿಯಂದ್ರೆ ಅಂದ್ಯಲ್ಲಪ್ಪ.”

ಎರಡು ದಿನ ಸಂಜೀವಪ್ಪನ ಕಣ್ಣ ಮುಂದೆ ಮುಳುಗಿದ್ದು ಮಗಳೊಬ್ಬಳೇ. ತಾನು ಮುಳುಗುವುದನ್ನೂ ಒಮ್ಮೆ ನೆನೆದಿದ್ದ. ಹುಟ್ಟು ಹಿಡಿದು ನಗುತ್ತಾ ಎದುರಿಗೆ ಕೂತಿದ್ದವನ ಮುಖ ಆ ಲೆಕ್ಕದಲ್ಲಿ ಒಂದು ಸಲವೂ ಬಂದಿರಲಿಲ್ಲ.

ಮುತ್ಯಾಲಮ್ಮ ಕೇಳಿಸಿಕೊಂಡಳು. ತನ್ನ ಸೆರಗಿನಿಂದ ಮಗನ ತಲೆ ಒರೆಸಿ, ಅವನ ಒಂದು ಕೈ ತಾನು ಹಿಡಿದು, ಇನ್ನೊಂದು ಕೈ ಸೊಸೆಗೆ ಕೊಟ್ಟು, ಏರಿಯ ಕಡೆ ನಡೆಸಿಕೊಂಡು ಹೊರಟಳು. ಜನರೂ ಅವರ ಹಿಂದೆ ಕರಗಿದರು. ಸಂಜೀವಪ್ಪ ನೀರಿನಲ್ಲೇ ನಿಂತಿದ್ದ. ಮೇಲೆ ಬಾ ಎಂದು ಅವನನ್ನು ಯಾರೂ ಕರೆಯಲಿಲ್ಲ.